ಕತ್ತರಿಯಕ್ಕ ಕಟ್ಟಿಟ್ಟ ಗಂಟು

ಹೊರದೇಶಕ್ಕೆ ಹೊರಟವರ ಮನೆಯಲ್ಲಿ ಸೂಟ್‌ಕೇಸೊಂದು ಬಾಯಿ ತೆರೆದು ಕೂತರೆ ಮುಗಿಯಿತು, ಮನೆಮಂದಿಯೆಲ್ಲ ಅದರ ಹೊಟ್ಟೆ ತುಂಬಿಸಲು ನಿಂತುಬಿಡುತ್ತಾರೆ. ಈ ಮನೆಯ ಸೂಟ್‌ಕೇಸು ಕೂತದ್ದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಅದಕ್ಕಿಂತ ದೊಡ್ಡ ಜಾಗ ಆ ಮನೆಯಲ್ಲಿ ಇನ್ನೊಂದಿರಲಿಲ್ಲ. ಬೀದಿಗೆ ತೆರೆದ ಮುಂದಿನ ಕೋಣೆ ಟೈಲರ್ ಅಂಗಡಿ, ಅದರ ಹಿಂದಿನದೆಲ್ಲ ಸಂಸಾರ. ನಡುವೆ ಒಂದು ಪರದೆ ಇತ್ತು, ಅದನ್ನು ಎಳೆದವರನ್ನು ಮಾತ್ರ ಯಾರೂ ಕಂಡಿಲ್ಲ.

ಮನೆಗೆ ಇಬ್ಬರು ಸೊಸೆಯರು. ಹಿರಿಯಳು ಬಟ್ಟೆ ಕತ್ತರಿಸುತ್ತಾಳೆ, ಕಿರಿಯಳು ಹೊಲಿಯುತ್ತಾಳೆ. ಬೀದಿಯವರ ಬಾಯಲ್ಲಿ ಹಿರಿಯಳು ಕತ್ತರಿಯಕ್ಕ, ಕಿರಿಯಳು ಮಿಷಿನಕ್ಕ. ಕತ್ತರಿಯಕ್ಕ ಟೇಪು ಮುಟ್ಟುವವಳಲ್ಲ. ಗಿರಾಕಿಯನ್ನು ಬಾಗಿಲಲ್ಲೇ ನಿಲ್ಲಿಸಿ, ಅವರ ಸುತ್ತ ಒಂದು ಸುತ್ತು ಬಂದು, "ಹ್ಞೂಂ, ನಾಡಿದ್ದು ಬನ್ನಿ" ಅಂದುಬಿಟ್ಟರೆ ಅಳತೆ ಮುಗಿದಂತೆ. ಆಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದು, ಕರಕರನೆ ಕತ್ತರಿಸಿ, ತುಂಡುಗಳನ್ನೆಲ್ಲ ಒಂದು ಅಂಚಿನ ಪಟ್ಟಿಯಿಂದ ಗಂಟು ಕಟ್ಟಿ ಮಿಷಿನ್ನಿನ ಮೇಲೆ ಎಸೆಯುತ್ತಾಳೆ. ಮಿಷಿನಕ್ಕ ಗಂಟು ಬಿಚ್ಚಿ ಹೊಲಿಯುತ್ತಾಳೆ. ಯಾರದು, ಏನು, ಯಾಕೆ ಎಂದು ಕೇಳುವ ಹಾಗಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಲ ಕೇಳಿದ್ದಳು, ಪಾಪ. "ಯೋಚನೆ ಮಾಡೋ ಕೆಲಸ ನಂದು, ಅದು ಆಗಿದೆ. ನೀನು ಸುಮ್ನೆ ಹೊಲಿ" ಎಂದು ಹಿರಿಯಳು ಬಾಯಿ ಮುಚ್ಚಿಸಿದ್ದಳು. ಅವತ್ತಿನಿಂದ ಗಂಟು ಬಂತೋ, ಹೊಲಿದಾಯಿತು. ಅಂಗಡಿಯೂ ಚೆನ್ನಾಗಿಯೇ ನಡೆದುಕೊಂಡು ಬಂದಿತ್ತು.

ಈಗ ಹೊರಟಿದ್ದು ಈ ಮಿಷಿನಕ್ಕ. ಕೆಲಸ ಸಿಕ್ಕಿದ್ದು ಅವಳಿಗೆ, ಜೊತೆಗೆ ಹೋಗುವವನು ಗಂಡ. ಅವನು ಮನೆಮನೆಗೆ ಹೋಗಿ ವೈರಿಂಗ್ ಮಾಡುವವನು, ಎಲ್ಲಿ ಹೋದರೂ ಕರೆಂಟು ಇದ್ದೇ ಇರುತ್ತದೆ ಎಂಬ ಧೈರ್ಯದವನು. ಸಮುದ್ರದಾಚೆ ಇವನ ಸ್ನೇಹಿತನೊಬ್ಬನಿದ್ದ. ಅವನ ಬೀದಿಯಲ್ಲೊಂದು ಬಟ್ಟೆ ಅಂಗಡಿ, ಅದರ ಮಾಲೀಕಳಿಗೆ ಒಬ್ಬ ಒಳ್ಳೆಯ ಟೈಲರ್ ಬೇಕಿತ್ತು. ಫೋನಿನಲ್ಲಿ ಮುಖ ನೋಡಿ ಮಾತಾಡಿದ್ದಾಯಿತು, ಒಂದು ಕೋಟನ್ನು ಹಿಂದೆ ಮುಂದೆ ತಿರುಗಿಸಿ ತೋರಿಸಿದ್ದಾಯಿತು. ಮಾಲೀಕಳು ಮೆಚ್ಚಿಕೊಂಡು, ಕತ್ತರಿಸುವುದೂ ಇವರೇ ತಾನೆ ಎಂದು ಸ್ನೇಹಿತನ ಬಾಯಲ್ಲಿ ಕೇಳಿಸಿದಳು. ಗಂಡ ಹಿಂದೆಮುಂದೆ ನೋಡದೆ, "ಕತ್ತರಿಸೋದು, ಹೊಲಿಯೋದು, ಗುಂಡಿ ಹಾಕೋದು, ಎಲ್ಲ ಇವಳೇ!" ಅಂದುಬಿಟ್ಟ. ಮಿಷಿನಕ್ಕ ಗಂಡನತ್ತ ಕಣ್ಣು ಬಿಟ್ಟಳು. ಆದರೆ ಫೋನು ಮುಖಕ್ಕೇ ಹಿಡಿದಿತ್ತಲ್ಲ, ದಿಕ್ಕು ತೋಚದೆ ತಲೆಯಾಡಿಸಿಬಿಟ್ಟಳು. ಆ ತಲೆಯಾಡಿಸಿದ್ದಕ್ಕೆ ಕಾಗದಪತ್ರ ಬಂತು, ಟಿಕೆಟ್ಟೂ ಬಂತು.

"ಯಾಕ್ರೀ ಹಾಗಂದ್ರಿ? ಒಂದು ಕರವಸ್ತ್ರನೂ ಕತ್ತರಿಸಿದವಳಲ್ಲ ನಾನು!"

"ಏ, ಇಷ್ಟು ವರ್ಷ ಅತ್ತಿಗೆ ಪಕ್ಕದಲ್ಲೇ ಕೂತಿದ್ದೀಯ, ಬರದೆ ಎಲ್ಲಿಗೆ ಹೋಗುತ್ತೆ?"

"ಹಾಗಾದ್ರೆ ಬಸ್ಸಲ್ಲಿ ಡ್ರೈವರ್ ಪಕ್ಕ ಕೂತೋರೆಲ್ಲ ಬಸ್ಸು ಓಡಿಸ್ತಾರಾ?"

ಗಂಡ ನಕ್ಕು ಎದ್ದುಹೋದ. ಅವನಿಗೇನು, ನಗುತ್ತಾನೆ. ಅಲ್ಲಿ ಮಾಲೀಕಳು ಹೊಸ ಬಟ್ಟೆ ತಂದು ಮುಂದೆ ಹಾಸಿ "ಕತ್ತರಿಸಮ್ಮ" ಅಂದಾಗ ಮಿಕಮಿಕ ನೋಡುತ್ತ ನಿಲ್ಲಬೇಕಾದವಳು ಇವಳು. ಆ ನಿಲ್ಲುವುದನ್ನು ನೆನೆಸಿಕೊಂಡರೆ ಸಾಕು, ಮಿಷಿನಕ್ಕನಿಗೆ ಅಂಗೈ ಬೆವರುತ್ತಿತ್ತು.

ಆದ್ದರಿಂದ ಸೂಟ್‌ಕೇಸು ತುಂಬುವ ಕೆಲಸ ಅವಳ ಪಾಲಿಗೆ ದೊಡ್ಡ ಗೋಳಾಯಿತು. ಏನು ತೆಗೆದುಕೊಂಡು ಹೋದರೆ ಅಲ್ಲಿ ಮರ್ಯಾದೆ ಉಳಿದೀತು? ದಾರದ ಉಂಡೆಗಳನ್ನು ಇಟ್ಟಳು, ಇರುವ ಬಣ್ಣಗಳನ್ನೆಲ್ಲ. ಸೂಜಿ, ಬಾಬಿನ್ನು, ಎಣ್ಣೆಯ ಡಬ್ಬಿ, ಕಾಲಿನಡಿಯ ಪೆಡಲ್ಲಿಗೆ ಹಾಸುವ ರಬ್ಬರು ಕೂಡ. ಅತ್ತೆ ಬಂದು ಮಗನ ತಲೆದಿಂಬು ತುರುಕಿದರು. "ದಿಂಬು ಬದಲಾದ್ರೆ ಇವನಿಗೆ ಕತ್ತು ಹಿಡಿಯುತ್ತೆ, ನಿನಗೇನು ಗೊತ್ತು." ಗಂಡ ಇಕ್ಕಳ, ಟೆಸ್ಟರು, ಒಂದು ಸುರುಳಿ ವೈರು, ಕಡೆಗೆ ಒಂದು ಟೇಬಲ್ ಫ್ಯಾನನ್ನೂ ತಂದಿಟ್ಟ. ಕತ್ತರಿಯಕ್ಕ ಬಂದವಳೇ ಎಲ್ಲವನ್ನೂ ಎತ್ತಿ ನೆಲಕ್ಕೆ ಹಾಕಿದಳು.

"ಅಲ್ಲಿ ದಾರ ಸಿಗಲ್ವೇನೇ? ಅಲ್ಲಿಯವರು ಬಟ್ಟೆ ಅಂಟಿಸ್ಕೊಂಡು ಓಡಾಡ್ತಾರಾ? ಮತ್ತೆ ನೀನು, ಮಾರಾಯ, ಫ್ಯಾನು ಹೊತ್ಕೊಂಡು ಹೋಗ್ತೀಯಲ್ಲ, ಗಾಳಿನೂ ಇಲ್ಲಿಂದಲೇ ತುಂಬಿಸ್ಕೊಂಡು ಹೋಗ್ತೀಯಾ?"

"ಅತ್ತಿಗೆ, ಫ್ಯಾನು ಹಗುರ."

ಹಗುರವೋ ಭಾರವೋ ನೋಡೋಣ ಎಂದು ಪಕ್ಕದ ಔಷಧಿ ಅಂಗಡಿಯಿಂದ ತೂಕದ ಯಂತ್ರ ಎರವಲು ಬಂತು. ಸೂಟ್‌ಕೇಸು ಅದರ ಮೇಲೆ ನೆಟ್ಟಗೆ ನಿಲ್ಲಲಿಲ್ಲ. ಗಂಡ ಅದನ್ನು ಎತ್ತಿಕೊಂಡು ತಾನೇ ಹತ್ತಿ ನಿಂತ. ಬಂದ ತೂಕದಲ್ಲಿ ತನ್ನ ತೂಕ ಕಳೆಯಿರಿ ಎಂದ. ತನ್ನ ತೂಕ ಎಷ್ಟೆಂದು ಕೇಳಿದರೆ ಮದುವೆಯ ಕಾಲದ್ದನ್ನು ಹೇಳಿದ. ಲೆಕ್ಕ ಮಾಡಿದರೆ ಸೂಟ್‌ಕೇಸಿನಲ್ಲಿ ಕಬ್ಬಿಣ ತುಂಬಿದಷ್ಟು ಭಾರ ಬಂತು. ಎಲ್ಲರೂ ಗಾಬರಿಯಾಗಿ ಮತ್ತೆ ಅರ್ಧ ಸಾಮಾನು ಹೊರಗೆ ತೆಗೆದರು.

"ಪೆಟ್ಟಿಗೆ ಭಾರ ಇಲ್ಲ ಕಣೋ," ಎಂದಳು ಕತ್ತರಿಯಕ್ಕ, ಒಂದೇ ಒಂದು ಸಲ ಅವನನ್ನು ಮೇಲಿಂದ ಕೆಳಗೆ ನೋಡಿ. "ನಿನ್ನ ಹೊಟ್ಟೆ ಭಾರ."

ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಮಿಷಿನಕ್ಕನೂ ನಕ್ಕಳು. ಆದರೆ ಒಳಗೊಳಗೇ ಅವಳಿಗೆ ಗೊತ್ತಿತ್ತು, ತಾನು ಸುಮ್ಮನೆ ಕೈಗೆ ಸಿಕ್ಕಿದ್ದನ್ನೆಲ್ಲ ತುಂಬುತ್ತಿದ್ದೇನೆ ಎಂದು. ಅವಳಿಗೆ ಬೇಕಾಗಿದ್ದ ಸಾಮಾನು ಒಂದೇ, ಕತ್ತರಿಯಕ್ಕ. ಮಡಿಸಿ ಇಡಲು ಬರುವ ಹಾಗಿದ್ದರೆ ದಾರ, ದಿಂಬು, ಗಂಡನ ಇಕ್ಕಳ ಎಲ್ಲವನ್ನೂ ಬಿಟ್ಟು ಅವಳನ್ನೇ ಇಟ್ಟುಕೊಂಡು ಹೊರಡುತ್ತಿದ್ದಳು.

ನಾಚಿಕೆ ಬಿಟ್ಟು ಕೇಳಿಯೂ ನೋಡಿದಳು. "ಅಕ್ಕ, ಕತ್ತರಿಸೋದು ಸ್ವಲ್ಪ ಹೇಳಿಕೊಡ್ತೀಯಾ?"

ಕತ್ತರಿಯಕ್ಕ ಕೈಯಲ್ಲಿ ಎಷ್ಟು ಗಟ್ಟಿಯೋ ಹೇಳಿಕೊಡುವುದರಲ್ಲಿ ಅಷ್ಟೇ ಸೊನ್ನೆ. "ಇಲ್ಲಿ ನೋಡು. ಹೀಗೆ. ಇಲ್ಲಿಂದ ಹೀಗೆ ಬಾ. ಇಲ್ಲಿ ಸ್ವಲ್ಪ ಹೀಗೆ. ಆಯ್ತು!" ಕತ್ತರಿ ನಿಂತು ನೋಡಿದರೆ ತೋಳು ಬೇರೆ, ಬೆನ್ನು ಬೇರೆ.

"ಹೀಗೆ ಅಂದ್ರೆ ಹೇಗಕ್ಕ?"

"ಹೀಗೆ ಅಂದ್ರೆ ಹೀಗೇ ಕಣೇ! ಕಣ್ಣಿಲ್ವಾ ನಿನಗೆ?"

"ಇಲ್ಲಿ ಎಷ್ಟು ಬಿಡಬೇಕು?"

"ಎಷ್ಟು ಬೇಕೋ ಅಷ್ಟು ಬಿಡಬೇಕು."

ಮಾತಿಗೆ ಮಾತು ಬೆಳೆದು, ಹಿರಿಯಳಿಗೆ ಸಿಟ್ಟು ನೆತ್ತಿಗೇರಿ, ಕಿರಿಯಳಿಗೆ ಕಣ್ಣು ತುಂಬಿ, ಪಾಠ ಅಲ್ಲಿಗೇ ನಿಂತಿತು. ಅವತ್ತು ಸಂಜೆ ಗೋಡೆ ನೋಡುತ್ತ ಕೂತಿದ್ದ ಕತ್ತರಿಯಕ್ಕ ನಡುವೆ ಒಮ್ಮೆ ಎದ್ದು ಹೋಗಿ ಅಲಮಾರಿಯ ಮೇಲಿನ ಅಟ್ಟದಲ್ಲಿ ಏನೋ ಕೆದಕಿ ಬಂದಳು.

ಮಾರನೆಯ ದಿನ ಗಂಡಹೆಂಡತಿ ಪ್ರಯಾಣದ ಮೊದಲಿನ ಆರೋಗ್ಯ ತಪಾಸಣೆಗೆ ಹೋಗಬೇಕಿತ್ತು. ಅಲ್ಲಿ ಸಾಲು ನಿಂತು, ತೋಳು ಚುಚ್ಚಿಸಿಕೊಂಡು, ಇನ್ನೊಂದು ಸಾಲು ನಿಂತು, ಮಿಷಿನಕ್ಕ ಒಬ್ಬಳೇ ಮನೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಗಂಡ ಅಲ್ಲಿಂದಲೇ ಯಾರದೋ ಮನೆಯ ಮೋಟರು ನೋಡಲು ಹೋಗಿದ್ದ. ಅತ್ತೆ ಒಳಗೆ ಮಲಗಿದ್ದರು. ಕತ್ತರಿಯಕ್ಕನ ಗಂಡ, ಅಂದರೆ ಮನೆಯ ಹಿರಿಮಗ, ಬಸ್ಸಿನ ಡ್ರೈವರು. ಅವನು ಊರಲ್ಲಿ ಇರುವುದೇ ಅಪರೂಪ. ಕತ್ತರಿಯಕ್ಕನೂ ಎಲ್ಲೋ ಪೇಟೆಗೆ ಹೋಗಿದ್ದಳು.

ಮಿಷಿನ್ನಿನ ಮೇಲೆ ಗಂಟುಗಳು ಕೂತಿದ್ದವು. ಒಂದಲ್ಲ ಎರಡಲ್ಲ, ಒಂದು ರಾಶಿ. ಎಲ್ಲಕ್ಕೂ ಅಂಚಿನ ಪಟ್ಟಿ ಸುತ್ತಿ ಬಿಗಿಯಾಗಿ ಕಟ್ಟಿತ್ತು, ಕತ್ತರಿಯಕ್ಕ ದಿನಾ ಕಟ್ಟುವ ಹಾಗೆಯೇ. ಮಿಷಿನಕ್ಕ ಮೊದಲನೆಯದನ್ನು ಬಿಚ್ಚಿದಳು. ಕೋಟು. ಬಟ್ಟೆ ಮಾತ್ರ ಹಳೆಯದು, ಮೆತ್ತಗಿನದು, ಮೈತುಂಬ ಅಂಗೈಯಗಲದ ಕೆಂಪು ಹೂವು. ಇನ್ನೊಂದು ಬಿಚ್ಚಿದಳು. ಪ್ಯಾಂಟು, ನೀಲಿ ಚೌಕುಳಿಯದು. ಮತ್ತೊಂದರಲ್ಲಿ ಮಗುವಿನ ಫ್ರಾಕು, ಇನ್ನೊಂದರಲ್ಲಿ ಕಾಲರಿನ ಅಂಗಿ.

ಯಾರಪ್ಪ ಇಂಥ ಬಟ್ಟೆಯಲ್ಲಿ ಕೋಟು ಹಾಕಿಸುವವರು ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಈ ಹೂವು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದೂ ಅನ್ನಿಸಿತು. ಆಮೇಲೆ, ನಾಟಕದವರದ್ದಿರಬೇಕು ಎಂದುಕೊಂಡಳು. ಹಿಂದೊಮ್ಮೆ ಶಾಲೆಯೊಂದರ ನಾಟಕಕ್ಕೆ ಗೋಣಿಚೀಲದಲ್ಲಿ ರಾಜನ ನಿಲುವಂಗಿ ಹೊಲಿದವಳು ಅವಳು. ಅಲ್ಲದೆ ಕೇಳುವ ಅಭ್ಯಾಸವೇ ತಪ್ಪಿಹೋಗಿತ್ತಲ್ಲ.

ಕೂತಳು ನೋಡಿ. ಪೆಡಲ್ಲಿನ ಮೇಲೆ ಕಾಲಿಟ್ಟಳು, ದಾರ ಪೋಣಿಸಿದಳು, ಇನ್ನು ಅವಳನ್ನು ಹಿಡಿಯುವವರಿಲ್ಲ. ಈ ಮನೆಯಲ್ಲಿ ಇದೇ ತನ್ನ ಕಡೆಯ ಹೊಲಿಗೆ ಇರಬಹುದು, ಇದರಲ್ಲಿ ಯಾರೂ ಬೆರಳಿಟ್ಟು ತೋರಿಸುವ ಹಾಗಿರಬಾರದು ಎಂಬ ಹಟ ಬಂತು. ಕಾಲರು ಮಡಚಿದಳು, ತೋಳು ಕೂರಿಸಿದಳು, ಫ್ರಾಕಿನ ನೆರಿಗೆ ಒಂದೊಂದೂ ಒಂದೇ ಸಮ ಬರುವಂತೆ ಹಿಡಿದಳು. ಊಟ ಮರೆತಳು. ಮಿಷಿನ್ನಿನ ಸದ್ದಿಗೆ ಎದ್ದ ಅತ್ತೆ ಕಾಫಿ ತಂದಿಟ್ಟು ಹೋದರು, ಅದೂ ಆರಿಹೋಯಿತು. ಬಹಳ ದಿನಗಳ ಮೇಲೆ ಅವಳ ಮನಸ್ಸು ಹಗುರವಾಗಿತ್ತು. ಹೊಲಿಯುವಾಗ ಅವಳಿಗೆ ಯಾವ ಭಯವೂ ಇರುತ್ತಿರಲಿಲ್ಲ.

ಬೀದಿದೀಪ ಹತ್ತುವ ಹೊತ್ತಿಗೆ ಕತ್ತರಿಯಕ್ಕ ಬಂದಳು. ಕಂಕುಳಲ್ಲಿ ಒಂದು ಹೊಸ ಜಿಪ್ಪಿನ ಚೀಲ, ಮುಖದ ಮೇಲೆ ತಡೆಯಲಾರದ ಒಂದು ನಗು. ಆ ನಗು ಹೊಸ್ತಿಲು ದಾಟಲಿಲ್ಲ. ಅಂಗಡಿಯ ತಂತಿಗೆ ಉದ್ದಕ್ಕೂ ತೂಗುಹಾಕಿತ್ತು: ಕೆಂಪು ಹೂವಿನ ಕೋಟು, ನೀಲಿ ಚೌಕುಳಿಯ ಪ್ಯಾಂಟು, ಹಳದಿ ಪಟ್ಟೆಯ ಫ್ರಾಕು, ಎಲೆಬಳ್ಳಿಯ ಅಂಗಿ. ಎಲ್ಲಕ್ಕೂ ಇಸ್ತ್ರಿಯಾಗಿತ್ತು.

"ಏನೇ ಇದು?"

"ನೀನು ಕತ್ತರಿಸಿಟ್ಟಿದ್ದೆಲ್ಲ ಹೊಲಿದು ಮುಗಿಸಿದೆ ಅಕ್ಕ. ಗುಂಡಿ ಒಂದು ಬಾಕಿ. ನಾಟಕದವರದ್ದು ತಾನೆ?"

"ಯಾವ ನಾಟಕದವರದ್ದೇ!" ಕತ್ತರಿಯಕ್ಕ ಚೀಲ ಕೆಳಗೆ ಬಿಟ್ಟು ತಲೆಯ ಮೇಲೆ ಕೈಹೊತ್ತಳು. "ನಿನಗೆ ಅಂತ ಕತ್ತರಿಸಿದ್ದು ಕಣೇ! ನಿನ್ನ ಪೆಟ್ಟಿಗೆಗೆ! ಅಲ್ಲಿ ಹೋಗಿ ಒಳ್ಳೆ ಬಟ್ಟೆ ಮೇಲೆ ಇದನ್ನ ಹಾಸಿ, ಸುತ್ತ ಗೆರೆ ಎಳೆದು ಕತ್ತರಿಸ್ಕೋ ಅಂತ! ಮಾದರಿ ಕಣೇ, ಮಾದರಿ! ಕಾಗದ ಆದ್ರೆ ಹರಿದುಹೋಗುತ್ತೆ ಅಂತ, ಹಳೇ ಬೆಡ್‌ಶೀಟೆಲ್ಲ ತೆಗೆದು, ಬೆಳಗಿಂದ ಸೊಂಟ ಮುರ್ಕೊಂಡು..."

ಮಿಷಿನಕ್ಕ ಬಾಯಿ ಬಿಟ್ಟುಕೊಂಡು ನಿಂತಳು. "ಹಾಗಂತ ಒಂದು ಮಾತು ಹೇಳಬಾರದಿತ್ತಾ?"

"ಬಂದು ನಿನ್ನ ಮುಖ ನೋಡ್ಕೊಂಡು ಹೇಳೋಣ ಅಂತಿದ್ದೆ! ಒಂದು ಮಾತು ಕೇಳಬಾರದಿತ್ತಾ ನೀನು?"

"ಕೇಳಬೇಡ ಅಂದಿದ್ದು ಯಾರು?"

ಉತ್ತರ ಸಿಗದಿದ್ದಾಗ ಕತ್ತರಿಯಕ್ಕನ ಧ್ವನಿ ಏರುತ್ತದೆ, ಏರಿತು. ಆ ಗಲಾಟೆಗೆ ಒಳಗಿನಿಂದ ಬಂದ ಅತ್ತೆ ಇಬ್ಬರನ್ನೂ ನೋಡಲಿಲ್ಲ, ತಂತಿಯನ್ನು ನೋಡಿದರು.

"ಅಯ್ಯೋ! ಇದು ನನ್ನ ಮಂಚದ ಹೂವಿನ ಬೆಡ್‌ಶೀಟಲ್ವೇ? ಎಲ್ಲಿ ಹೋಯ್ತು ಅಂತ ನಾನು ಹುಡುಕದ ಜಾಗ ಇಲ್ಲ!" ಎನ್ನುತ್ತ ಕೋಟನ್ನು ಕೆಳಗಿಳಿಸಿ, ಸೀರೆಯ ಮೇಲೆಯೇ ತೊಟ್ಟುಕೊಂಡು, ಕನ್ನಡಿಯ ಮುಂದೆ ಎಡಕ್ಕೂ ಬಲಕ್ಕೂ ತಿರುಗಿದರು. "ಪರವಾಗಿಲ್ಲ ಕಣ್ರೇ, ಚೆನ್ನಾಗೇ ಕೂತಿದೆ. ಹಾಸ್ಕೊಳ್ಳೋದನ್ನ ತೊಟ್ಕೊಂಡ ಹಾಗಾಯ್ತು."

ಅಷ್ಟರಲ್ಲಿ ಗಂಡ ಬಂದ. ಅಮ್ಮನನ್ನು ಹೂವಿನ ಕೋಟಿನಲ್ಲಿ ಕಂಡವನೇ, ಏನು ಎತ್ತ ಎಂದು ಕೇಳುವುದಿರಲಿ, ತಂತಿಯಿಂದ ಚೌಕುಳಿ ಪ್ಯಾಂಟು ಎಳೆದುಕೊಂಡು ಒಳಗೆ ಹೋಗಿ ಹಾಕಿಕೊಂಡು ಬಂದ. ಹೊಟ್ಟೆಯ ಹತ್ತಿರ ಅದು ಸೇರಲಿಲ್ಲ. ಎರಡು ಕೈಯಲ್ಲೂ ಸೊಂಟ ಹಿಡಿದುಕೊಂಡು ಅಂಗಡಿಯ ಉದ್ದಕ್ಕೂ ಗಂಭೀರವಾಗಿ ನಡೆದ. "ಹೊರದೇಶಕ್ಕೆ ಇದನ್ನೇ ಹಾಕ್ಕೊಂಡು ಇಳೀತೀನಿ. ಎಲ್ಲರೂ ದಾರಿ ಬಿಡ್ತಾರೆ." ಮೊದಲು ಅತ್ತೆ ನಕ್ಕರು. ಆಮೇಲೆ, ನಗಲೇಬಾರದು ಎಂದು ತುಟಿ ಕಚ್ಚಿದ್ದ ಕತ್ತರಿಯಕ್ಕನೇ ಸೋತು, ಮೇಜಿನ ಮೇಲೆ ಬಿದ್ದು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

ಮಿಷಿನಕ್ಕನೂ ನಗುತ್ತಿದ್ದಳು. ನಗುನಗುತ್ತಲೇ ಯಾವಾಗ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಸ್ಟೂಲಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡಳು.

"ನಾನು ಹೋಗಲ್ಲ ಅಕ್ಕ. ನನಗೆ ಭಯ ಆಗುತ್ತೆ. ನೀನು ಕತ್ತರಿಸಿಕೊಟ್ರೆ ನಾನು ಎಂಥದ್ದಾದ್ರೂ ಹೊಲೀತೀನಿ. ನೀನಿಲ್ದೆ ನನಗೇನು ಬರುತ್ತೆ? ಮಾದರಿ ಯಾವುದು, ಬಟ್ಟೆ ಯಾವುದು ಅಂತಲೂ ಗೊತ್ತಾಗದ ದಡ್ಡಿ ನಾನು. ಟಿಕೆಟ್ಟು ವಾಪಸ್ ಕೊಟ್ಬಿಡಿ."

ಗಂಡ ಪ್ಯಾಂಟಿನ ಸೊಂಟ ಹಿಡಿದುಕೊಂಡೇ ನಿಂತ. ಅವನ ಮುಖದ ನಗು ಇಳಿಯಿತು. ಅವತ್ತು ಫೋನಿನ ಮುಂದೆ ತಾನು ಬಾಯಿಗೆ ಬಂದದ್ದು ಅಂದುಬಿಟ್ಟೆ ಎಂದು ಅವನಿಗೆ ನಿಜಕ್ಕೂ ಕೆಡುಕೆನಿಸಿತು. ಅತ್ತೆ ಕೋಟಿನಲ್ಲಿಯೇ ಸೊಸೆಯ ಪಕ್ಕ ಕೂತು ಬೆನ್ನು ಸವರಿದರು. ಕತ್ತರಿಯಕ್ಕ ಮಾತ್ರ ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ.

"ಅತ್ತು ಆದ್ಮೇಲೆ ಊಟ ಮಾಡು. ಬೆಳಗ್ಗೆ ಎದ್ದು ಇದನ್ನೆಲ್ಲ ಬಿಚ್ಚು. ಹೊಲಿಗೆ ಬಿಚ್ಚಿದ್ರೆ ಮತ್ತೆ ಮಾದರಿ ಆಗುತ್ತೆ. ಅತ್ತೆ, ಕೋಟು ತೆಗೀರಿ."

"ಬೆಳಗ್ಗೆ ತೆಗೀತೀನಿ ಬಿಡೇ," ಎಂದರು ಅತ್ತೆ.

ಬೆಳಗಾಯಿತು. ಇಬ್ಬರೂ ಬಾಗಿಲ ಬಳಿಯ ಬೆಳಕಿನಲ್ಲಿ ಎದುರುಬದುರು ಕೂತು ಹೊಲಿಗೆ ಬಿಚ್ಚತೊಡಗಿದರು. ಮಿಷಿನಕ್ಕನ ಹೊಲಿಗೆ ಅಷ್ಟು ಸುಲಭಕ್ಕೆ ಬಿಚ್ಚುವಂಥದ್ದಲ್ಲ. ಕತ್ತರಿಯಕ್ಕ ಎರಡು ಸಲ ಬೆರಳು ಚುಚ್ಚಿಕೊಂಡು, "ಏನು ಹೊಲೀತೀಯೇ ನೀನು, ಸಿಮೆಂಟು ಹಾಕಿದ ಹಾಗೆ" ಎಂದು ಬೈದಳು. ಕೋಟಿನ ಎರಡು ಭುಜಗಳನ್ನೂ ಬಿಚ್ಚಿ ಒಂದರ ಮೇಲೊಂದು ಇಟ್ಟಾಗ ಅವಳ ಕೈ ನಿಂತಿತು.

"ಇದೇನಿದು, ಎಡಗಡೆಯದು ಉದ್ದ ಇದೆ. ನೀನು ಎಳೆದು ಹಿಗ್ಗಿಸಿದ್ದೀಯಾ?"

"ಇಲ್ಲ ಅಕ್ಕ. ಅದು ಯಾವಾಗಲೂ ಹಾಗೇ ಬರುತ್ತೆ."

"ಯಾವಾಗಲೂ ಅಂದ್ರೆ?"

ಮಿಷಿನಕ್ಕ ತಲೆಯೆತ್ತದೆ ದಾರ ಎಳೆಯುತ್ತಲೇ ಹೇಳಿದಳು, ದಿನಾ ಕಾಣುವ ಸಂಗತಿಯನ್ನು ಹೇಳುವ ಹಾಗೆ. "ಬಟ್ಟೆ ಎರಡು ಮಡಿಕೆ ಹಾಕಿ ಕತ್ತರಿಸ್ತೀಯಲ್ಲ, ಕೆಳಗಿನ ಮಡಿಕೆ ಜಾರುತ್ತೆ. ಅದಕ್ಕೆ ಎಡಗಡೆದು ಅರ್ಧ ಬೆರಳು ಜಾಸ್ತಿ ಬರುತ್ತೆ. ನಾನು ಹೊಲಿಯುವಾಗ ಹಿಡಿದು ಸರಿ ಮಾಡ್ತೀನಿ. ಕಂಕುಳು ಸ್ವಲ್ಪ ಮೇಲೆ ಕತ್ತರಿಸ್ತೀಯ, ಅದನ್ನ ಇಳಿಸ್ತೀನಿ. ದಪ್ಪ ಇರೋರ ಪ್ಯಾಂಟಿಗೆ ಹಿಂದೆ ಸಾಲಲ್ಲ, ಅಲ್ಲಿ ಒಳಗಿನ ಅಂಚು ಪೂರ್ತಿ ಬಿಟ್ಟುಬಿಡ್ತೀನಿ."

"ಯಾವಾಗಿಂದ?"

"ಬಂದಾಗಿಂದ."

ಕತ್ತರಿಯಕ್ಕನ ಮುಖ ಕೆಂಪಾಯಿತು. ಆ ಬೀದಿಯಲ್ಲಿ ಅವಳ ಕಣ್ಣಳತೆಗೆ ಎದುರಾಡಿದವರೇ ಇರಲಿಲ್ಲ. ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳು ಧಡಬಡ ಸದ್ದು ಮಾಡಿದವು, ಒಂದು ಮುಚ್ಚಳ ನೆಲದ ಮೇಲೆ ಉರುಳಿಕೊಂಡು ಹೋಯಿತು. ಮಿಷಿನಕ್ಕ ನಾಲಿಗೆ ಕಚ್ಚಿಕೊಂಡಳು. ಹೊರಡುವ ಹೊತ್ತಿನಲ್ಲಿ ಯಾಕಪ್ಪ ಬೇಕಿತ್ತು ಈ ಮಾತು ಎಂದು ತನ್ನನ್ನೇ ಬೈದುಕೊಂಡಳು.

ಕತ್ತರಿಯಕ್ಕ ಹೊರಗೆ ಬಂದಾಗ ಕೈಯಲ್ಲಿ ಕತ್ತರಿ ಇತ್ತು, ಸೀಮೆಸುಣ್ಣ ಇತ್ತು. ಎರಡನ್ನೂ ಮಿಷಿನಕ್ಕನ ಮುಂದೆ ಇಟ್ಟಳು.

"ತೋರಿಸು. ಎಲ್ಲೆಲ್ಲಿ ನನ್ನ ತಪ್ಪಿದೆಯೋ ಎಲ್ಲ ಗೆರೆ ಎಳೆದು ತೋರಿಸು. ಒಂದೂ ಬಿಡಬೇಡ."

"ಅಕ್ಕ, ಬೇಡ..."

"ತೋರಿಸು ಅಂದೆ!"

ಮಿಷಿನಕ್ಕ ಹೆದರಿಕೊಂಡೇ ಮೊದಲ ಗೆರೆ ಎಳೆದಳು, ಭುಜದ ಹತ್ತಿರ. ಆಮೇಲೆ ಕಂಕುಳ ಸುತ್ತು. ಇಲ್ಲಿ ಬಟ್ಟೆ ಎಳೆಯುತ್ತದೆ, ಇಲ್ಲಿ ಉಬ್ಬುತ್ತದೆ, ಈ ತಿರುವಿನಲ್ಲಿ ಹೊಲಿಗೆ ಓಡುವುದಿಲ್ಲ, ನಿಂತು ನಿಂತು ಹೋಗುತ್ತದೆ. ಅವಳ ಬೆರಳಿಗೆ ಎಲ್ಲ ಗೊತ್ತಿತ್ತು. ಹೇಳುತ್ತ ಹೇಳುತ್ತ ಹೆದರಿಕೆ ಮರೆತೇಹೋಯಿತು. ಕತ್ತರಿಯಕ್ಕ ನಡುನಡುವೆ "ಅದೆಲ್ಲ ಸುಳ್ಳು" ಎನ್ನುವಳು, ತುಂಡು ಎತ್ತಿ ಬೆಳಕಿಗೆ ಹಿಡಿಯುವಳು, "ಸರಿ, ಮುಂದೆ" ಎನ್ನುವಳು. ಎಳೆದ ಗೆರೆಗಳನ್ನೆಲ್ಲ ಮಿಷಿನಕ್ಕನ ಕೈಯಿಂದಲೇ ಕತ್ತರಿಸುವಂತೆ ಮಾಡಿದಳು. ಭಾರದ ಕತ್ತರಿ ಮೊದಲು ಎರಡು ಸಲ ಎಡವಿತು, ಆಮೇಲೆ ಓಡಿತು. ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ತಿದ್ದಿದ ಮಾದರಿಗಳು ಸಾಲಾಗಿ ಮಲಗಿದ್ದವು.

ಮಿಷಿನಕ್ಕ ಅವನ್ನು ಮಡಿಸಿ ಹೊಸ ಜಿಪ್ಪಿನ ಚೀಲದೊಳಗೆ ಇಡಲು ಹೋದಳು. ಕತ್ತರಿಯಕ್ಕ ಕೈ ಅಡ್ಡ ಹಾಕಿದಳು.

"ಇವು ನನಗೆ ಬೇಕು."

"ಅಯ್ಯೋ, ನನ್ನ ಪೆಟ್ಟಿಗೆಗೆ ಅಂತ ಅಲ್ವಾ ಮಾಡಿದ್ದು?"

"ಆವಾಗ ಇದರಲ್ಲಿ ತಪ್ಪಿದೆ ಅಂತ ನನಗೆ ಗೊತ್ತಿರಲಿಲ್ಲ. ನೀನು ಹೋದ್ಮೇಲೆ ನನ್ನ ತಪ್ಪು ಯಾರು ಸರಿ ಮಾಡ್ತಾರೆ? ನಿನ್ನ ಜಾಗಕ್ಕೆ ಬರೋ ಹೆಂಗಸು ಹೊಸಬಳು. ಕತ್ತರಿಸಿದ ಹಾಗೇ ಹೊಲೀತಾಳೆ."

"ಹಾಗಾದ್ರೆ ನನಗೆ?"

"ನಿನಗೆ ಇವು ಬೇಕೋ ಬೇಡವೋ, ಅದನ್ನೇ ನೋಡಬೇಕು ಈಗ." ಕತ್ತರಿಯಕ್ಕ ಅಲಮಾರಿಯಿಂದ ಒಂದು ಕಡುಹಸಿರು ಬಟ್ಟೆ ತೆಗೆದಳು. ಒಳ್ಳೆಯ ಬಟ್ಟೆ, ಯಾವತ್ತೋ ತನಗೆಂದೇ ತಂದು ಎತ್ತಿಟ್ಟದ್ದು. ಅದನ್ನು ಮೇಜಿನ ಮೇಲೆ ಹಾಸಿ, ಹೋಗಿ ಬಾಗಿಲಲ್ಲಿ ನಿಂತಳು, ಗಿರಾಕಿಗಳು ನಿಲ್ಲುವ ಜಾಗದಲ್ಲಿ. "ನನಗೊಂದು ಕೋಟು. ಮಾದರಿ ಇಲ್ಲ, ಟೇಪಿಲ್ಲ. ನೋಡ್ಕೊಂಡು ಕತ್ತರಿಸು."

"ಈ ಬಟ್ಟೆನಾ? ಹಾಳಾದ್ರೆ?"

"ಹಾಳಾದ್ರೆ ಟಿಕೆಟ್ಟು ವಾಪಸ್ ಕೊಡೋಣ. ಕತ್ತರಿಸು."

ಒಳಗಿನಿಂದ ಬಂದ ಗಂಡನೂ ಅತ್ತೆಯೂ ಪರದೆಯ ಹತ್ತಿರವೇ ನಿಂತುಬಿಟ್ಟರು. ಮಿಷಿನಕ್ಕ ತನ್ನ ವಾರಗಿತ್ತಿಯ ಸುತ್ತ ಒಂದು ಸುತ್ತು ಬಂದಳು. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಉಸಿರಾಡಿದವಳನ್ನು ಹೀಗೆ ನಿಂತು ನೋಡಿಯೇ ಇರಲಿಲ್ಲ. ಊರಿಗೆಲ್ಲ ಮೈಗೊಪ್ಪುವ ಬಟ್ಟೆ ಕತ್ತರಿಸುವವಳ ಮೈಮೇಲಿನ ಅಂಗಿ ಬೆನ್ನಿನಲ್ಲಿ ಮುದುಡಿಕೊಂಡಿತ್ತು, ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ಭಾರದ ಕತ್ತರಿ ಹಿಡಿದು ಹಿಡಿದು ಬಲಭುಜ ಕೆಳಗಿಳಿದಿತ್ತು. ಮೇಜಿನ ಮೇಲೆ ಬಗ್ಗಿ ಬಗ್ಗಿ ಕತ್ತಿನ ಕೆಳಗೆ ಬೆನ್ನು ಸ್ವಲ್ಪ ಗುಂಡಗಾಗಿತ್ತು. ಅದನ್ನು ಕಂಡು ಮಿಷಿನಕ್ಕನಿಗೆ ಅಕ್ಕನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಮತ್ತೊಂದು ಸುತ್ತು ಬಂದು, ಮೇಜಿನ ಹತ್ತಿರ ಹೋಗಿ, ಸೀಮೆಸುಣ್ಣ ಎತ್ತಿಕೊಂಡಳು.

ಕತ್ತರಿ ಬಟ್ಟೆಯ ಅಂಚಿಗೆ ತಾಗಿದಾಗ ಅವಳ ಅಂಗೈ ಬೆವರಿತು. ಹಸಿರು ಬಟ್ಟೆ ಕರಕರನೆ ಎರಡಾಯಿತು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು.

ಅವತ್ತು ಸಂಜೆಯೂ ಮಾರನೆಯ ಬೆಳಗ್ಗೆಯೂ ಮಿಷಿನ್ನು ಓಡಿತು. ಹೊಲಿಯುವಾಗ ಮಿಷಿನಕ್ಕನಿಗೊಂದು ವಿಚಿತ್ರ ಅನುಭವವಾಯಿತು. ಎಲ್ಲಿಯೂ ಹಿಡಿದೆಳೆಯಬೇಕಾಗಲಿಲ್ಲ, ಬಿಡಬೇಕಾಗಲಿಲ್ಲ, ತುಂಡಿಗೆ ತುಂಡು ತಾನಾಗಿ ಬಂದು ಸೇರಿಕೊಂಡಿತು. ಕೈಗೆ ಇಷ್ಟು ಕಡಿಮೆ ಕೆಲಸ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ.

ಕತ್ತರಿಯಕ್ಕ ಕೋಟು ತೊಟ್ಟಳು. ಗುಂಡಿ ಹಾಕಿದಳು. ಕನ್ನಡಿಯ ಮುಂದೆ ನಿಂತಳು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಬೆನ್ನಿನಲ್ಲಿ ಒಂದು ಸುಕ್ಕಿಲ್ಲ, ಭುಜ ಎರಡೂ ಸಮನಾಗಿ ಕಾಣುತ್ತಿದ್ದವು. ತೋಳು ಮೇಲೆತ್ತಿದಳು, ಇಳಿಸಿದಳು, ಬಗ್ಗಿದಳು, ಮತ್ತೆ ನೆಟ್ಟಗಾದಳು. ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದುಬಿಟ್ಟಳು.

"ಎಲ್ಲಿಗೆ ಹೋದಳು ಇವಳು, ಈ ಸುಡುಬಿಸಿಲಲ್ಲಿ ಕೋಟು ತೊಟ್ಕೊಂಡು?" ಎಂದರು ಅತ್ತೆ.

ಮಿಷಿನಕ್ಕ ಕಿಟಕಿಗೆ ಹೋದಳು. ಕತ್ತರಿಯಕ್ಕ ಎಲ್ಲಿಗೂ ಹೋಗುತ್ತಿರಲಿಲ್ಲ. ಬೀದಿಯ ಆ ತುದಿಯವರೆಗೆ ನಿಧಾನವಾಗಿ ನಡೆದಳು, ತಿರುಗಿದಳು, ಈ ತುದಿಗೆ ಬಂದಳು. ಮುಖ ಬೆವರಿ ಹೊಳೆಯುತ್ತಿತ್ತು. ಕಡೆಗೆ ಔಷಧಿ ಅಂಗಡಿಯವನು ತಡೆಯಲಾರದೆ ಹೊರಗೆ ಬಂದ.

"ಏನ್ ಕತ್ತರಿಯಕ್ಕ, ಭರ್ಜರಿ ಕೋಟು! ನೀವೇ ಕತ್ತರಿಸ್ಕೊಂಡ್ರಾ?"

"ನನ್ನ ಬೆನ್ನು ನನಗೆ ಕಾಣುತ್ತೇನ್ರೀ?" ಎಂದಳು ಕತ್ತರಿಯಕ್ಕ, ಇಡೀ ಬೀದಿಗೆ ಕೇಳುವ ಹಾಗೆ. "ನನ್ನ ವಾರಗಿತ್ತಿ ನೋಡಿದ್ಳು. ಅವಳೇ ಕತ್ತರಿಸಿದ್ದು, ಅವಳೇ ಹೊಲಿದಿದ್ದು. ಹೊರದೇಶಕ್ಕೆ ಹೋಗ್ತಿದ್ದಾಳೆ, ಗೊತ್ತಿಲ್ವಾ? ಅಲ್ಲಿ ಟೈಲರು!"

ಕಿಟಕಿಯಲ್ಲಿ ನಿಂತಿದ್ದವಳಿಗೆ ಕಣ್ಣು ಮಂಜಾಯಿತು. ಗಂಡ ಹಿಂದಿನಿಂದ ಬಂದು, "ಕೇಳ್ತಾ? ನಾನು ಅವತ್ತು ಹೇಳಿದ್ದು ಸುಳ್ಳಲ್ಲ ಅಂತಾಯ್ತು" ಎಂದ. ಅವನಿಗೊಂದು ಮೊಣಕೈ ತಿವಿತ ಬಿತ್ತು, ಅದು ಅವನಿಗೆ ಸಲ್ಲಬೇಕಾದದ್ದೇ.

ಕತ್ತರಿಯಕ್ಕ ಒಳಗೆ ಬಂದು, ಬೆವರು ಒರೆಸಿಕೊಂಡು, ಇಷ್ಟು ಹೊತ್ತಿನ ಮೇಲೆ ಮೊದಲ ಬಾರಿಗೆ ಮಿಷಿನಕ್ಕನ ಕಡೆ ತಿರುಗಿದಳು. ಮುಖ ಸಿಡುಕಾಗಿತ್ತು, ಧ್ವನಿ ಮಾತ್ರ ನಡುಗುತ್ತಿತ್ತು.

"ಬಲಗಡೆ ಜೇಬು ಒಂದು ಬೆರಳು ಕೆಳಗಾಯ್ತು ಕಣೇ. ಅಲ್ಲಿ ಹೋಗಿ ಹೀಗೆ ಮಾಡಬೇಡ."